ಕಾಲು ಅವ್ವನದು, ಕೈ ಅಪ್ಪನದು

ಕ್ಲಚ್ ಸುಟ್ಟ ವಾಸನೆ ಒಮ್ಮೆ ಮೂಗಿಗೆ ಹತ್ತಿತೆಂದರೆ ಬೇಗ ಬಿಡುವುದಿಲ್ಲ. ಹಂಚಿನ ಮೇಲೆ ಮರೆತ ರೊಟ್ಟಿ ಕರಕಲಾಗಿ, ಅದರ ಮಗ್ಗುಲಲ್ಲೇ ಯಾರೋ ಹಳೆಯ ಚಪ್ಪಲಿಗೆ ಬೆಂಕಿ ಹಚ್ಚಿದಂಥ ವಾಸನೆ ಅದು. ಮೊನ್ನೆ ಯಾದಗಿರಿಯಿಂದ ಶಹಾಪುರದ ಕಡೆಗೆ ಹೊರಟವಳು ಭೀಮಾ ನದಿಯ ಸೇತುವೆ ಇನ್ನೂ ಮುಂದಿರುವಾಗಲೇ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡೆ. ನನ್ನ ಮುಂದೆ ಡ್ರೈವಿಂಗ್ ಕಲಿಸುವವರ ಪುಟ್ಟ ಕಾರು. ಅದನ್ನು ಓಡಿಸುತ್ತಿದ್ದ ಹುಡುಗಿ ಸಣ್ಣದೊಂದು ಏರಿನಲ್ಲಿ ಮತ್ತೆ ಮತ್ತೆ ಇಂಜಿನ್ ಬಂದ್ ಮಾಡಿಕೊಳ್ಳುತ್ತಿದ್ದಳು. ಕಾರು ಒಂದು ಗೇಣು ಹಿಂದಕ್ಕೆ ಜಾರುವುದು, ಗಡಬಡಿಸಿ ಮುಂದಕ್ಕೆ ಹಾರುವುದು, ಮತ್ತೆ ನಿಲ್ಲುವುದು. ಹಿಂದಿದ್ದವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ನಾನು ಕಿಟಕಿಯ ಗಾಜು ಇಳಿಸಿ ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ನನ್ನ ಕಾರು ಆಟೋಮ್ಯಾಟಿಕ್. ಅದರಲ್ಲಿ ಕ್ಲಚ್ಚೇ ಇಲ್ಲ. ಎಡಗಾಲಿಗೂ ಎಡಗೈಗೂ ಕೆಲಸವಿಲ್ಲ. ಆರಾಮ ಅನ್ನುತ್ತಾರೆ ಎಲ್ಲರೂ, ನಿಜವೂ ಹೌದು. ಆದರೆ ಆ ಆರಾಮದಲ್ಲಿ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅಂದೂ ಮುಂದಿನ ಹುಡುಗಿ ಮುಗ್ಗರಿಸಿದಾಗಲೆಲ್ಲ ನನ್ನ ಎಡಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಒತ್ತು, ಬಿಡು. ಆ ಎರಡು ಮಾತುಗಳ ಮೇಲೆ ನಮ್ಮ ಮನೆ ಎಷ್ಟೋ ವರ್ಷ ನಡೆದಿತ್ತು.

ಶಹಾಪುರದ ನಮ್ಮ ಮನೆ ಹತ್ತಿ ವ್ಯಾಪಾರದ ಮನೆ. ಮುಂದೆ ಕಲ್ಲು ಹಾಸಿದ ಅಂಗಳ, ಅಂಗಳದ ಮೂಲೆಗೆ ಬೇವಿನ ಮರ, ಮರದ ಕೆಳಗೆ ಜೀಪು. ಸುಗ್ಗಿ ಬಂತೆಂದರೆ ಹತ್ತಿಯ ಎಳೆ ಮನೆಯಲ್ಲಿ ಇಲ್ಲದ ಜಾಗವೇ ಇರುತ್ತಿರಲಿಲ್ಲ; ಊಟದ ತಟ್ಟೆಯಲ್ಲಿ, ಅವ್ವನ ಹೆರಳಿನಲ್ಲಿ, ದೇವರ ಜಗಲಿಯ ಮೇಲಿನ ವಿಭೂತಿಯಲ್ಲಿ ಕೂಡ. ಪಡಸಾಲೆಯಲ್ಲಿ ಗೋಡೆಗೊರಗಿ ಆಯಿ ಕೂತಿರುತ್ತಿದ್ದಳು, ಅಪ್ಪನ ತಾಯಿ. ಅವಳ ಬಾಯಲ್ಲಿ ಎಲೆ ಅಡಿಕೆಯೂ ಊರ ಸುದ್ದಿಯೂ ಒಟ್ಟಿಗೇ ನುರಿಯುತ್ತಿದ್ದವು, ಮತ್ತು ಎರಡನ್ನೂ ಅವಳು ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಜೀಪು ಮೊದಲು ಹಸಿರಾಗಿತ್ತಂತೆ. ನಾನು ನೋಡುವ ಹೊತ್ತಿಗೆ ನಮ್ಮ ಕಡೆಯ ಎರಿ ಮಣ್ಣಿನ ಬಣ್ಣವೇ ಅದರ ಬಣ್ಣವಾಗಿತ್ತು. ಡೀಸೆಲ್ಲು, ಕಾದ ಕ್ಯಾನ್ವಾಸು, ಹತ್ತಿಕಾಳಿನ ಜಿಡ್ಡು, ಇವೆಲ್ಲ ಕೂಡಿದ ಅದರ ಒಳಗಿನ ವಾಸನೆಯೇ ನನಗೆ ಅಪ್ಪನ ವಾಸನೆ.

ಅಪ್ಪ ಹಳ್ಳಿ ಹಳ್ಳಿ ತಿರುಗಿ, ಹೊಲದಲ್ಲೇ ನಿಂತು ಹತ್ತಿ ನೋಡಿ ಮಾತು ಮುಗಿಸಿ ಬರುವವನು. ಅಂಗಡಿಯ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವುದು ಅವನಿಗೆ ಆಗದ ಕೆಲಸ. ವ್ಯಾಪಾರ ಒಂದು ನೆಪ, ಅವನಿಗೆ ಬೇಕಾಗಿದ್ದದ್ದು ರಸ್ತೆ ಎಂದು ಅವ್ವ ನಗುತ್ತಿದ್ದಳು. ವಾರಕ್ಕೊಮ್ಮೆ ಸುರಪುರಕ್ಕೆ ಹೋಗುತ್ತಿದ್ದೆವು, ಅದು ಅವ್ವನ ತವರು. ಊರು ಹತ್ತಿರವಾದಂತೆ ಎರಡೂ ಕಡೆ ಬಂಡೆಗಲ್ಲಿನ ಗುಡ್ಡಗಳು ಎದ್ದು ರಸ್ತೆ ಏರತೊಡಗುತ್ತದೆ. ಅಲ್ಲಿ ಅಪ್ಪ ಗೇರು ಬದಲಿಸುವುದನ್ನು ನೋಡಲೆಂದೇ ನಾನು ಹಿಂದಿನ ಬೆಂಚಿನಿಂದ ಎದ್ದು ಇಬ್ಬರ ನಡುವೆ ತಲೆ ತೂರಿಸುತ್ತಿದ್ದೆ. ಅವನು ಗೇರ್ ರಾಡನ್ನು ಹಿಡಿಯುತ್ತಿರಲಿಲ್ಲ. ಅಂಗೈಯನ್ನು ಅದರ ತಲೆಯ ಮೇಲೆ ಇಡುತ್ತಿದ್ದ, ಅಷ್ಟೇ. ಅದು ತನಗೆ ಬೇಕಾದ ಕಡೆ ತಾನೇ ಹೋಗಿ ಬೀಳುತ್ತಿತ್ತು. ಇಂಜಿನ್ನಿನ ದನಿ ದಪ್ಪಗಾಗಿ, ಇನ್ನೇನು ಉಸಿರು ಕಟ್ಟುತ್ತದೆ ಅನ್ನುವಾಗ ಟಾಪ್ ಗೇರಿನಿಂದ ಸೆಕೆಂಡಿಗೆ ಇಳಿಸಿದರೆ ಜೀಪು ಒಮ್ಮೆ ಮೈ ಕೊಡವಿ ಗುಡ್ಡಕ್ಕೆ ಎದೆ ಕೊಡುತ್ತಿತ್ತು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ ಅಪ್ಪ ಹೇಳಿದ್ದ: ‘ಅದು ಕೇಳ್ತದ ಉಮಿ. ಕೇಳಿದಾಗ ಕೊಡಬೇಕು. ತಡಾನೂ ಮಾಡಬಾರದು, ಅವಸರಾನೂ ಮಾಡಬಾರದು.’ ನಿಮ್ಮ ಮನೆಯಲ್ಲೂ ಇಂಥದೊಂದು ಗಾಡಿ, ಅದನ್ನು ಹೀಗೆ ಓಡಿಸುವ ಒಬ್ಬರು ಇದ್ದಿದ್ದರೆ ನಿಮಗೂ ಗೊತ್ತಿರುತ್ತದೆ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಟ ಇರಲಿಲ್ಲ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಹತ್ತಿಯ ಗೋದಾಮಿನಲ್ಲಿ ಅಪ್ಪನ ಎಡಗಾಲಿಗೆ ತುಕ್ಕು ಹಿಡಿದ ತಗಡು ಹೊಕ್ಕಿತು. ಸುಗ್ಗಿಯ ಗದ್ದಲ, ಅರಿಷಿಣ ಹಚ್ಚಿ ಬಟ್ಟೆ ಕಟ್ಟಿ ತಿರುಗುತ್ತಲೇ ಇದ್ದ. ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಗಾಯ ಮಾಯಲಿಲ್ಲ, ಕಪ್ಪಾಯಿತು, ಕಪ್ಪು ಮೇಲಕ್ಕೆ ಏರಿತು. ಯಾದಗಿರಿಯಿಂದ ರೈಲಿನಲ್ಲಿ ಹೈದರಾಬಾದಿಗೆ ಕರೆದುಕೊಂಡು ಹೋದರು. ತಿಂಗಳು ಕಳೆದ ಮೇಲೆ ಅಪ್ಪ ಎರಡು ಊರುಗೋಲುಗಳ ನಡುವೆ ತೂಗುತ್ತ ಅಂಗಳಕ್ಕೆ ಬಂದ. ಎಡಗಾಲು ಮೊಣಕಾಲಿನ ಮೇಲಕ್ಕೇ ಮುಗಿದುಹೋಗಿತ್ತು. ಧೋತರದ ಆ ಬದಿಯನ್ನು ಅವ್ವ ಮಡಿಚಿ ಪಿನ್ನು ಹಾಕಿದ್ದಳು. ಆಯಿ ಹಣೆ ಹಣೆ ಬಡಿದುಕೊಂಡು ಅತ್ತಳು. ಅಪ್ಪ ಯಾರ ಮುಖವನ್ನೂ ನೋಡದೆ ಸೀದಾ ಬೇವಿನ ಮರದ ಕೆಳಗೆ ಹೋಗಿ ಜೀಪಿನ ಸೀಟಿನ ಮೇಲಿನ ಧೂಳನ್ನು ಕೈಯಿಂದ ಒರೆಸಿದ. ಬಲಗಾಲು ಇತ್ತು, ಬ್ರೇಕಿಗೂ ಎಕ್ಸಲರೇಟರಿಗೂ ಅದು ಸಾಕು. ಕ್ಲಚ್ ಒತ್ತುವ ಕಾಲೇ ಹೋಗಿತ್ತು.

ಆಮೇಲಿನ ದಿನಗಳ ಮನೆಯನ್ನು ನೆನೆದರೆ ಇಂದಿಗೂ ನನಗೆ ಚಡಪಡಿಕೆಯಾಗುತ್ತದೆ. ಅಪ್ಪ ಒಂದು ಕಡೆ ಕೂರುತ್ತಿರಲಿಲ್ಲ. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಅಟ್ಟದ ಮೆಟ್ಟಿಲಿಗೆ, ಅಲ್ಲಿಂದ ಮತ್ತೆ ಪಡಸಾಲೆಗೆ. ಕಲ್ಲಿನ ಮೇಲೆ ಊರುಗೋಲಿನ ಟಕ್ ಟಕ್ ಸಪ್ಪಳ ಬೆಳಗಿನಿಂದ ಬೈಗಿನ ತನಕ. ರೇಡಿಯೋ ಹಚ್ಚುವನು, ಒಂದು ಹಾಡು ಮುಗಿಯುವ ಮೊದಲೇ ಮುಳ್ಳು ತಿರುಗಿಸುವನು. ರಸ್ತೆಯಲ್ಲಿ ಲಾರಿ ಹೋದರೆ ಮಾತು ನಿಲ್ಲಿಸಿ ಅದು ಗೇರು ಬದಲಿಸುವವರೆಗೆ ಕಿವಿಗೊಟ್ಟು, ‘ತಡಾ ಮಾಡಿದ’ ಎಂದು ಗೊಣಗುವನು. ಒಬ್ಬ ಡ್ರೈವರನನ್ನು ಇಟ್ಟು ನೋಡಿದೆವು. ಒಳ್ಳೆಯವನೇ, ಆದರೆ ಗೇರು ಹಾಕಿದಾಗಲೆಲ್ಲ ಕಬ್ಬಿಣ ಕಿರುಗುಟ್ಟುತ್ತಿತ್ತು. ಪಕ್ಕದಲ್ಲಿ ಕೂತ ಅಪ್ಪ ತನ್ನ ಹಲ್ಲನ್ನೇ ಯಾರೋ ಅರದಿಂದ ತಿಕ್ಕಿದಂತೆ ಮುಖ ಮಾಡುತ್ತಿದ್ದ. ಕೆಲವೇ ದಿನಗಳಲ್ಲಿ ಅವನಿಗೆ ಬೇರೆ ಕಡೆ ಕೆಲಸ ಕೊಡಿಸಿ ಕಳಿಸಿದ. ಗ್ಯಾರೇಜಿನ ಖಾಸಿಂ ಚಾಚಾ ಕ್ಲಚ್ಚಿಗೆ ಒಂದು ಕಬ್ಬಿಣದ ಸರಳು ಜೋಡಿಸಿ, ಕಾಲಿನ ಬದಲು ಕೈಯಿಂದ ಎಳೆಯುವಂತೆ ಮಾಡಿಕೊಟ್ಟ. ಒಂದು ಕೈ ಸರಳಿಗೆ, ಒಂದು ಕೈ ಗೇರಿಗೆ; ಸ್ಟೇರಿಂಗಿಗೆ ಕೈ ಎಲ್ಲಿಂದ ತರುವುದು? ಜೀಪು ಅಂಗಳದಲ್ಲಿ ಕುಪ್ಪಳಿಸಿ ನೀರಿನ ತೊಟ್ಟಿಯ ಗೋಡೆಗೆ ಮೂತಿ ಇಟ್ಟಿತು. ಚಾಚಾ ಮರುದಿನವೇ ಸರಳು ಬಿಚ್ಚಿಕೊಂಡು ಹೋದ. ಆ ಸಂಜೆ ಅಪ್ಪ ಊಟ ಮಾಡಲಿಲ್ಲ. ಜೀಪು ಮಾರಿಬಿಡೋಣ ಎಂದ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಹೊರಗೆ ಬಂದಳು. ಕೈಯೆಲ್ಲ ಹಿಟ್ಟು.

‘ಮಾರೂದು ಬ್ಯಾಡ್ರಿ. ಆ ಎಡಗಾಲಿನ ಕೆಲಸ ನಾ ಮಾಡ್ತೀನಿ.’

ಅಪ್ಪನಿಗೆ ತಿಳಿಯಲಿಲ್ಲ. ‘ಏನಂದಿ?’

‘ನಾ ಓಡಸ್ತೀನಿ. ನೀವು ಬಾಜೂಕ ಕುಂತು ಗೇರ್ ಹಾಕ್ರಿ. ರಾಡು ನಡುವ ಅದಲ್ಲ, ನಿಮ್ಮ ಬಲಗೈಗಿ ಸಿಗ್ತದ.’

ಎಲೆ ಅಡಿಕೆ ಜಗಿಯುತ್ತಿದ್ದ ಆಯಿಯ ಬಾಯಿ ತೆರೆದೇ ನಿಂತಿತು. ‘ಸೊಸಿ ಜೀಪ್ ಓಡಸ್ತಾಳ? ಬಜಾರದಾಗ? ಮಂದಿ ಏನಂದಾರು ಶಾಂತಾ!’

‘ಮಂದಿ ದಾರಿ ಬಿಟ್ಟು ನಿಂತಾರು, ಅತ್ತಿ,’ ಎಂದಳು ಅವ್ವ.

ಅಪ್ಪ ನಕ್ಕ. ಹೈದರಾಬಾದಿನಿಂದ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಊರ ಹೊರಗಿನ ಕಾಲುವೆ ದಂಡೆಯ ರಸ್ತೆಯಲ್ಲಿ ಅವ್ವ ಕಲಿತಳು. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ನಡುವೆ ಕೆಂಪು ಮುರುಮಿನ ದಾರಿ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಚಪ್ಪಲಿ ಬಿಚ್ಚಿ ಹಿಂದಿದ್ದ ನನ್ನ ಕೈಗೆ ಕೊಟ್ಟು, ಬರಿಗಾಲಲ್ಲಿ ಕೂರುತ್ತಿದ್ದಳು. ಬರಿಗಾಲಿಗಾದರೆ ಕ್ಲಚ್ ಎಲ್ಲಿ ಕಚ್ಚುತ್ತದೆ ಎಂಬುದು ತಿಳಿಯುತ್ತದಂತೆ. ‘ಒತ್ತು’ ಅನ್ನುವನು ಅಪ್ಪ. ಕಾಲುಂಗುರ ಪೆಡಲ್ಲಿನ ಕಬ್ಬಿಣಕ್ಕೆ ತಾಗಿ ಟಿಣ್ ಅನ್ನುತ್ತಿತ್ತು. ಗೇರು ಬೀಳುತ್ತಿತ್ತು. ‘ಬಿಡು, ಸಾವಕಾಶ ಬಿಡು, ಹಾಲಿನ ಗಡಿಗಿ ಇಳಸಿದಂಗ.’ ಮೊದಲ ದಿನಗಳಲ್ಲಿ ಅವಳು ಒತ್ತುವ ಮೊದಲೇ ಅವನು ಗೇರು ಹಾಕುತ್ತಿದ್ದ, ಅವನು ಹಾಕುವ ಮೊದಲೇ ಅವಳು ಬಿಡುತ್ತಿದ್ದಳು. ಜೀಪು ಕಿರುಚುತ್ತಿತ್ತು, ಇಬ್ಬರೂ ಕಿರುಚುತ್ತಿದ್ದರು. ಕ್ಲಚ್ ಸುಟ್ಟ ಆ ವಾಸನೆ ನನ್ನ ಮೂಗಿನಲ್ಲಿ ಕೂತದ್ದು ಆಗಲೇ. ಒಮ್ಮೆ ಜೀಪು ಸೀದಾ ಗದ್ದೆಗೆ ಇಳಿದು ಕೆಸರಿನಲ್ಲಿ ನಿಂತಾಗ, ಸಸಿ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಸೊಂಟದ ಮೇಲೆ ಕೈಯಿಟ್ಟು, ‘ಅಕ್ಕಾ, ಕೆಸರು ನಾವ ತುಳೀತೀವಿ, ನೀ ರಸ್ತಾಕ್ಕ ಹೋಗು!’ ಎಂದು ಕೂಗಿ ನಕ್ಕರು. ಅವ್ವ ಅವರಿಗಿಂತ ಜೋರಾಗಿ ನಕ್ಕಳು. ಅಪ್ಪ ಮಾತ್ರ ತುಟಿ ಬಿಗಿದುಕೊಂಡು ಮುಂದೆ ನೋಡುತ್ತಿದ್ದ. ಇಳಿದು ಜೀಪು ನೂಕಲು ಅವನಿಗೆ ಆಗುತ್ತಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಅವರು ಬಜಾರಿನಲ್ಲೇ ಹೊರಟರು. ಜನ ಮೊದಲು ಅಂಗಡಿಯಿಂದ ಹೊರಗೆ ಬಂದು ನಿಂತು ನೋಡಿದರು, ಆಮೇಲೆ ಅವರಿಗೆ ರೂಢಿಯಾಯಿತು. ಆಯಿಯ ತಕರಾರು ಬಹಳ ದಿನ ಬಾಳಲಿಲ್ಲ. ಸುರಪುರದ ಬೀಗರ ಮನೆಯ ಮದುವೆಗೆ ಬಸ್ಸಿನಲ್ಲಿ ನೂಕಾಡಿಕೊಂಡು ಹೋಗುವುದಕ್ಕಿಂತ ಸೊಸೆಯ ಜೀಪೇ ವಾಸಿ ಎಂದು ತಾನಾಗಿಯೇ ಬಂದು ಹಿಂದಿನ ಬೆಂಚಿನ ಮೇಲೆ ಕೂತಳು. ದಾರಿಯುದ್ದಕ್ಕೂ ಎದುರು ಬಂದ ಎತ್ತಿನ ಗಾಡಿಗಳಿಗೆಲ್ಲ ‘ಸರೀರಿ, ಸರೀರಿ’ ಎಂದು ತಾನೇ ಹಾರ್ನಾದಳು. ಅಪ್ಪ ಮತ್ತೆ ಹಳ್ಳಿಗಳಿಗೆ ಹೋಗತೊಡಗಿದ. ಒತ್ತು, ಬಿಡು ಎಂಬ ಮಾತುಗಳು ಮೊದಲು ಮೆಲ್ಲಗಾದವು, ಆಮೇಲೆ ಬರೀ ಹೂಂಕಾರವಾದವು, ಕಡೆಗೆ ನಿಂತೇಹೋದವು. ಕಾಲುಂಗುರದ ಟಿಣ್, ಅದರ ಬೆನ್ನಿಗೇ ರಾಡಿನ ಟಕ್. ಎರಡು ಮೈಗಳ ನಡುವೆ ಒಂದು ಗಾಡಿ ನೀರಿನಂತೆ ಹರಿಯುತ್ತಿತ್ತು. ಮನೆಯಲ್ಲಿ ಅವರು ಎಷ್ಟೇ ಮುನಿಸಿಕೊಂಡಿರಲಿ, ಜೀಪು ಹತ್ತಿದ ಮೇಲೆ ಹೊಂದಲೇಬೇಕಿತ್ತು. ಮುನಿಸಿದ್ದ ದಿನ ಗೇರು ಸ್ವಲ್ಪ ಒರಟಾಗಿ ಬೀಳುತ್ತಿತ್ತು. ಸುರಪುರದ ಏರು ಬರುವಷ್ಟರಲ್ಲಿ ಸರಿಹೋಗಿರುತ್ತಿತ್ತು. ಹಿಂದೆ ಕೂತು ಅವರಿಬ್ಬರ ಬೆನ್ನು ನೋಡುತ್ತಿದ್ದ ನನಗೆ ಇದಕ್ಕಿಂತ ಚಂದದ್ದು ಪ್ರಪಂಚದಲ್ಲಿ ಇಲ್ಲ ಅನ್ನಿಸುತ್ತಿತ್ತು.

ಒಂದು ಸಲ ಅಪ್ಪ ಬೇರೆ ವ್ಯಾಪಾರಸ್ಥರ ಜೊತೆ ಬಸ್ಸಿನಲ್ಲಿ ಯಾದಗಿರಿಗೆ ಹೋಗಿದ್ದ. ಮಧ್ಯಾಹ್ನ ಆಯಿ ಬಚ್ಚಲಲ್ಲಿ ಜಾರಿ ಬಿದ್ದಳು. ನಾವು ಓಡಿಹೋಗಿ ನೋಡಿದರೆ ಏಳಲಾಗದೆ, ಬಲಗಾಲು ಓರೆಯಾಗಿ, ಕೂಗಲೂ ಆಗದಂತೆ ಬಿದ್ದಿದ್ದಳು. ಊರಿನ ಡಾಕ್ಟರು ನೋಡಿ, ಸೊಂಟದ ಎಲುಬು ಮುರಿದಂತಿದೆ, ಯಾದಗಿರಿಗೆ ಒಯ್ಯಿರಿ, ತಡ ಮಾಡಬೇಡಿ ಎಂದರು. ಓಣಿಯವರು ಗಾದಿ ಸಮೇತ ಅವಳನ್ನು ಎತ್ತಿ ಜೀಪಿನ ಹಿಂದೆ ಮಲಗಿಸಿದರು. ಪಕ್ಕದ ಮನೆಯ ಹಿರಿಯರು ಕೇಳಿದರು, ‘ಶಾಂತವ್ವ, ಗೇರ್ ಹಾಕೋರು ಯಾರು?’

ಅವ್ವ ನನ್ನನ್ನು ಆಯಿಯ ತಲೆಯ ಹತ್ತಿರ ಕೂರಿಸಿ, ಚಪ್ಪಲಿ ಬಿಚ್ಚಿ, ಸೀಟಿಗೆ ಏರಿದಳು. ಓಣಿ ದಾಟುವವರೆಗೆ ಫಸ್ಟಿನಲ್ಲೇ ಇದ್ದಳು. ದೊಡ್ಡ ರಸ್ತೆಗೆ ಬಂದದ್ದೇ ಅವಳ ಎಡಗೈ ಸ್ಟೇರಿಂಗಿನಿಂದ ಇಳಿದು ರಾಡಿನ ಮೇಲೆ ಕೂತಿತು. ಸೆಕೆಂಡು. ಟಾಪು. ಒಂದು ಕಿರುಗುಟ್ಟುವ ಸದ್ದಿಲ್ಲ, ಒಂದು ಎಳೆತವಿಲ್ಲ. ಎದುರಿಗೆ ಕುರಿ ಹಿಂಡು ಬಂದರೆ ಇಳಿಸಿದಳು, ದಾರಿ ಸಿಕ್ಕರೆ ಏರಿಸಿದಳು. ಅವಳ ಅಂಗೈ ಅಪ್ಪನ ಅಂಗೈಯಷ್ಟೇ ಹಗುರವಾಗಿ ಅಲ್ಲಿತ್ತು. ಅವಳು ಮೊದಲ ಸಲ ಹಾಕುತ್ತಿರುವ ಗೇರು ಅದಲ್ಲ ಎಂದು ನನಗೂ ತಿಳಿಯಿತು. ಅಪ್ಪ ಯಾವುದೋ ಹೊಲದೊಳಗೆ ಮಾತಾಡುತ್ತ ನಿಂತಾಗ, ಜೀಪು ನೆರಳಿಗೆ ನಿಲ್ಲಿಸುತ್ತೇನೆಂದು ಹೋಗಿ ಬಹಳ ಹೊತ್ತಿಗೆ ಬರುತ್ತಿದ್ದಳಲ್ಲ, ಆಗ ಕಲಿತಿರಬೇಕು.

ನೋವಿನಲ್ಲಿ ಕಣ್ಣು ಮುಚ್ಚಿದ್ದ ಆಯಿ ಅದನ್ನು ಕೇಳಿಸಿಕೊಂಡಿದ್ದಳು. ಭೀಮಾ ನದಿಯ ಸೇತುವೆಯ ಮೇಲೆ ಬಂದಾಗ ಹಲ್ಲು ಕಚ್ಚಿಕೊಂಡೇ ಅಂದಳು: ‘ನಿಂಗ ಎಲ್ಲಾ ಬರ್ತದ.’

‘ಬರ್ತದ ಅತ್ತಿ,’ ಎಂದಳು ಅವ್ವ, ಕಣ್ಣು ರಸ್ತೆಯಿಂದ ಕೀಳದೆ.

‘ಮತ್ತ ಅವಗ್ಯಾಕ ಹೇಳಿಲ್ಲ?’

ಅವ್ವ ಎದುರು ಬಂದ ಲಾರಿಗೆ ದಾರಿ ಬಿಟ್ಟಳು. ‘ಹೇಳಿದ್ರ ಅವರು ಮನ್ಯಾಗ ಕುಂದರ್ತಾರ್ರಿ. ನೀವೂ ಹೇಳಬ್ಯಾಡ್ರಿ.’

ಆಯಿ ಮೂಗಿನಿಂದ ಉಸಿರು ಬಿಟ್ಟಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಊರ ಸುದ್ದಿಯೆಲ್ಲ ಊರಿಗೇ ತಿರುಗಿ ಹಂಚುತ್ತಿದ್ದ ಆ ಮುದುಕಿ ಸಾಯುವವರೆಗೂ ಇದೊಂದನ್ನು ಮಾತ್ರ ಬಾಯಿಂದ ಹೊರಗೆ ಬಿಡಲಿಲ್ಲ.

ಸುದ್ದಿ ಮುಟ್ಟಿ ಅಪ್ಪ ಆಸ್ಪತ್ರೆಗೆ ಬಂದಾಗ ಆಯಿಯನ್ನು ಒಳಗೆ ಸೇರಿಸಿಕೊಂಡಾಗಿತ್ತು. ತಾಯಿಯನ್ನು ನೋಡಿ, ಡಾಕ್ಟರ ಜೊತೆ ಮಾತಾಡಿ ಹೊರಗೆ ಬಂದವನು ಜೀಪಿನ ಮುಂದೆ ನಿಂತ. ‘ಹೆಂಗ ತಂದಿ?’ ಎಂದ.

‘ಸೆಕೆಂಡಿನಾಗ ಹಾಕ್ಕೊಂಡು ಹಂಗ ಬಂದ್ನಿರಿ. ಬದಲಿ ಮಾಡಾಕ ಧೈರ್ಯ ಆಗಲಿಲ್ಲ.’

‘ಶಹಾಪುರದಿಂದ ಸೆಕೆಂಡಿನಾಗ? ಇಂಜಿನ್ ಏನಾಗಬೇಕು!’ ಎಂದು ಅಪ್ಪ ಬೈದ. ಬಾನೆಟ್ಟು ಎತ್ತಿಸಿದ, ಕೈಯಿಟ್ಟು ನೋಡಿದ, ಆಸ್ಪತ್ರೆಯ ಬೇಲಿಯಿಂದ ಒಂದು ಕಡ್ಡಿ ಮುರಿದು ಡೀಸೆಲ್ ಟ್ಯಾಂಕಿನೊಳಗೆ ಇಳಿಸಿ ನೋಡಿದ. ಕಡ್ಡಿ ಬಿಸಾಡಿ ಎಡಗಡೆಯ ಸೀಟಿಗೆ ಏರಿ ಕೂತು ರಾಡಿನ ಮೇಲೆ ಕೈಯಿಟ್ಟ. ಅವ್ವ ಕ್ಲಚ್ ಒತ್ತಿದಳು.

ಆಮೇಲೆ ವರ್ಷಗಳು ಹೋದದ್ದು ಹೇಗೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆಯಿ ಕುಂಟುತ್ತ ಕೆಲವು ವರ್ಷ ಬಾಳಿ ಹೋದಳು. ಬಿಡಿಭಾಗ ಸಿಗದೆ ಜೀಪು ಹೋಯಿತು. ಬೇರೆ ಊರುಗಳಲ್ಲಿದ್ದ ಅಪ್ಪನ ಅಣ್ಣ ತಮ್ಮಂದಿರು ಪಾಲು ಕೇಳಿ ಮನೆ ಮೂರು ಭಾಗವಾಗಿ, ಆಮೇಲೆ ಮೂರೂ ಭಾಗ ಸೇರಿ ಯಾರದೋ ಬಟ್ಟೆಯಂಗಡಿಯಾಯಿತು. ನನಗೆ ಯಾದಗಿರಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಪ್ಪ, ಅವ್ವ ನನ್ನ ಜೊತೆ ಬಂದರು. ನನ್ನ ಮೊದಲ ಕಾರು ಗೇರಿನದೇ. ಅದರಲ್ಲಿ ಅಪ್ಪ ಮುಂದೆ ಕೂತರೆ ನಾನು ಕ್ಲಚ್ ಒತ್ತಿ ಸುಮ್ಮನಿರುತ್ತಿದ್ದೆ, ಅವನು ಗೇರು ಹಾಕಲಿ ಎಂದು. ಅವನು ಹಾಕುತ್ತಿರಲಿಲ್ಲ. ‘ನಿನ್ನ ಗಾಡಿ, ನೀ ಹಾಕು,’ ಅನ್ನುತ್ತಿದ್ದ. ಅವನಿಗೆ ವಯಸ್ಸಾಯಿತು, ಆಸಕ್ತಿ ಹೋಯಿತು ಎಂದುಕೊಂಡೆ. ಮಂಡಿನೋವು ಶುರುವಾಗಿ, ಡಾಕ್ಟರು ಹೇಳಿದ ಮೇಲೆ ನಾನು ಆಟೋಮ್ಯಾಟಿಕ್ ಕಾರು ತಂದೆ. ಮನೆಯ ಮುಂದೆ ಅದನ್ನು ನಿಲ್ಲಿಸಿದಾಗ ಅಪ್ಪ ಊರುಗೋಲು ಊರಿಕೊಂಡು ಬಂದು, ಬಾಗಿಲು ತೆಗೆದು, ಬಾಗಿ ಕೆಳಗಿನ ಪೆಡಲ್ಲುಗಳನ್ನು ನೋಡಿದ.

‘ಎರಡ ಅದಾವಲ್ಲ! ಮೂರನೇದು ಎಲ್ಲಿ?’

‘ಇಲ್ಲಪ್ಪಾ. ಇದಕ್ಕ ಎಡಗಾಲು ಬೇಕಾಗಿಲ್ಲ.’

ನಾನು ಅದನ್ನು ತಮಾಷೆಗೆಂಬಂತೆ ಹೇಳಿದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ. ಎಪ್ಪತ್ತು ದಾಟಿದ ಮುಖದಲ್ಲಿ ಹಸಿವೆಯೆಂದರೆ ಹಸಿವೆ. ಮರುದಿನದಿಂದ ನನಗೆ ನೆಮ್ಮದಿ ಕೊಡಲಿಲ್ಲ. ಒಂದು ಕಾಲಿಲ್ಲದವರಿಗೆ ಕೊಡುವ ಪರವಾನಗಿಯನ್ನು ಹಟ ಹಿಡಿದು ಮಾಡಿಸಿಕೊಂಡ. ಕಾಗದ ಕೈಗೆ ಬಂದ ಭಾನುವಾರ ಬೆಳಿಗ್ಗೆ ಹತ್ತಿಕುಣಿ ಜಲಾಶಯದ ಕಡೆಗೆ ಹೊರಟೆವು. ಅವನು ಸ್ಟೇರಿಂಗಿನ ಹಿಂದೆ, ಅವ್ವ ಪಕ್ಕದಲ್ಲಿ, ನಾನು ಹಿಂದೆ. ಬ್ರೇಕ್ ಬಿಟ್ಟದ್ದೇ ಕಾರು ತಾನಾಗಿ ಮೆಲ್ಲಗೆ ಮುಂದೆ ಸರಿಯಿತು. ‘ಅರೇ, ಇದು ತಾನ ಹೊಂಟದ!’ ಎಂದ ಅಪ್ಪ. ಊರು ದಾಟಿ ಖಾಲಿ ರಸ್ತೆ ಸಿಕ್ಕ ಮೇಲೆ ಅವನ ಬೆನ್ನು ನೆಟ್ಟಗಾಯಿತು. ವೇಗ ಏರಿತು, ನಾನು ಹೇಳಿದರೂ ಇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಣ್ಣಲ್ಲಿ ನೀರು ತುಂಬಿ ನಗುತ್ತಿದ್ದ. ಅವನಿಗೆ ಗೇರು ಬೇಕಾಗಿರಲಿಲ್ಲ. ಗೇರಿನ ನಾದ, ರಾಡಿನ ಮೇಲಿನ ಅಂಗೈ, ಎರಡು ಮೈ ಒಂದಾದ ಆ ಹೊಂದಾಣಿಕೆ, ನಾನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಸಾಕಿದ್ದು, ಅದೆಲ್ಲ ಹಿಂದೆ ಕೂತ ಮಗುವಿನ ಸುಖ. ಅವನಿಗೆ ಬೇಕಾಗಿದ್ದದ್ದು ಯಾರ ಕಾಲನ್ನೂ ಕಾಯದೆ ಹೊರಡುವುದು. ಅದನ್ನು ಈ ಯಂತ್ರ, ನಾನು ಬೇಸರದಿಂದ ಓಡಿಸುವ ಈ ಯಂತ್ರವೇ, ಅವನಿಗೆ ಕೊಟ್ಟಿತು.

ನನಗೆ ಅವ್ವನ ಬಗ್ಗೆ ಸಂಕಟವಾಯಿತು. ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು, ಮುಖ ಕಿಟಕಿಯ ಕಡೆ ತಿರುಗಿತ್ತು.

‘ಅವ್ವಾ, ಯಾಕ, ಬ್ಯಾಸರಾತೇನು?’

ಅವಳು ತಿರುಗಿದಳು. ಮುಖ ಅರಳಿತ್ತು. ‘ಬ್ಯಾಸರ್ಯಾಕ? ನೋಡಾಕತ್ತೀನಿ ನಾನು. ಎಷ್ಟ ವರ್ಷ ಜೀಪ್ ಓಡಸಿದೆ, ಬರೇ ರಸ್ತಾ ನೋಡೇನಿ. ಬಾಜೂಕ ತೊಗರಿ ಹೂವಿದ್ವೋ, ಜೋಳ ಇತ್ತೋ, ನಂಗ ಗೊತ್ತಿಲ್ಲ. ನೀವು ಓಡಸ್ರಿ ಇನ್ನ, ನಾ ನೋಡ್ತೀನಿ.’

ಅಪ್ಪ ಜಲಾಶಯದ ಏರಿಯ ಕೆಳಗೆ ಕಾರು ನಿಲ್ಲಿಸಿದ. ಇಂಜಿನ್ ಬಂದ್ ಮಾಡಿ, ಮುಂದೆ ನೋಡುತ್ತಲೇ ಕೇಳಿದ: ‘ಅವತ್ತ ನಮ್ಮವ್ವನ್ನ ಯಾದಗಿರಿಗಿ ಯಾವ ಗೇರಿನಾಗ ತಂದಿ?’

ಅವ್ವ ತಡವರಿಸಿದಳು. ‘ಸೆಕೆಂಡಿನಾಗ ಅಂತ ಹೇಳಿದ್ನಲ್ಲರಿ.’

‘ಸೆಕೆಂಡಿನಾಗ ಬಂದಿದ್ರ ಟ್ಯಾಂಕು ಅರ್ಧ ಖಾಲಿ ಆಗ್ತಿತ್ತು. ಕಡ್ಡಿ ಹಾಕಿ ನೋಡೀನಿ ನಾನು.’

‘ಮತ್ತ ಇಷ್ಟ ವರ್ಷ ಯಾಕ ಸುಮ್ನಿದ್ರಿ?’

‘ನೀ ಯಾಕ ಸುಮ್ನಿದ್ದಿ?’

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವನ ಭುಜ ಅಲುಗಿತು, ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು. ಅಪ್ಪನಿಗೂ ತಡೆಯಲಾಗಲಿಲ್ಲ. ಗಾಜು ಏರಿಸಿದ ಕಾರಿನೊಳಗೆ ಇಬ್ಬರು ಮುದುಕರು ಕೆಮ್ಮು ಬರುವ ತನಕ ನಕ್ಕರು. ನಾನು ಬಾಗಿಲು ತೆಗೆದು ಇಳಿದು ನೀರಿನ ಕಡೆಗೆ ನಡೆದೆ. ಅಲ್ಲಿ ನನಗೆ ಜಾಗವಿರಲಿಲ್ಲ.

ಆಮೇಲಿನ ಎರಡು ಸುಗ್ಗಿ ಅವರು ತಿರುಗಿದ್ದೇ ತಿರುಗಿದ್ದು. ಬಳಿಚಕ್ರಕ್ಕೆ, ಶಹಾಪುರಕ್ಕೆ, ಸುರಪುರಕ್ಕೆ. ಹೇಳದೆ ಹೋಗುವರು, ಸಂಜೆ ಬರುವರು. ಅವ್ವನ ಮಡಿಲಲ್ಲಿ ಹಸಿ ಕಡಲೆಯ ಗಿಡವೋ, ಯಾರೋ ಕೊಟ್ಟ ಸಜ್ಜೆಯ ತೆನೆಯೋ ಇರುತ್ತಿತ್ತು. ಮೂರನೆಯ ಸುಗ್ಗಿಗೆ ಅವ್ವ ಇರಲಿಲ್ಲ. ಜ್ವರವೆಂದು ಮಲಗಿದವಳು ವಾರದೊಳಗೆ ಹೋದಳು. ಮಣ್ಣು ಮಾಡಿ ಬಂದು ಬಂಧು ಬಳಗವೆಲ್ಲ ಚದುರಿದ ಮೇಲೆ ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದರೆ ಕಾರು ಇರಲಿಲ್ಲ, ಅಪ್ಪನೂ ಇರಲಿಲ್ಲ. ಫೋನು ಹಾಸಿಗೆಯ ಮೇಲೇ ಬಿದ್ದಿತ್ತು. ಗೇಟಿನಿಂದ ಮೂಲೆಯ ಅಂಗಡಿಗೆ, ಅಂಗಡಿಯಿಂದ ಗೇಟಿಗೆ ನಾನು ಎಷ್ಟು ಸಲ ತಿರುಗಿದೆನೋ. ಹೊತ್ತು ಮುಳುಗುವ ಮುಂಚೆ ಕಾರು ಬಂತು. ಅಪ್ಪ ಇಳಿದು, ಊರುಗೋಲು ಸರಿಮಾಡಿಕೊಂಡು, ಕಟ್ಟೆಯ ಮೇಲೆ ಕೂತ.

‘ಎಲ್ಲಿಗಿ ಹೋಗಿದ್ದೆಪ್ಪಾ?’

‘ಸುರಪುರಕ್ಕ.’

‘ಒಬ್ಬನ?’

‘ಒಬ್ಬನ ಹೋಗಬೇಕಂತ ಬಾಳ ವರ್ಷ ಆಸೆ ಇತ್ತವ್ವ.’ ಅವನು ಬಲಗಾಲನ್ನು ಉಜ್ಜಿಕೊಂಡ. ‘ಹೋದೆ. ಗುಡ್ಡ ಬಂತು. “ಅಲ್ಲಿ ನೋಡ್ರಿ, ಸೀತಾಫಲ ಹೂ ಬಿಟ್ಟಾವ” ಅನ್ನೋರು ಬಾಜೂಕ ಯಾರೂ ಇರಲಿಲ್ಲ. ತಿರುಗಿಸ್ಕೊಂಡು ಬಂದೆ.’

ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು ಚಹಾ ಮಾಡು ಎಂದ. ಆಮೇಲೆ ಅವನು ಕೀಲಿಯನ್ನು ಮತ್ತೆ ಕೇಳಲಿಲ್ಲ. ಮುಂದಿನ ಮಳೆಗಾಲಕ್ಕೆ ಅವನೂ ಹೋದ.

ಈಗ ರಜೆಯ ದಿನ ನನಗೆ ಮನೆಯಲ್ಲಿ ನಿಲ್ಲಲಾಗುವುದಿಲ್ಲ. ಗಾಡಿ ತೆಗೆದು ಹೊರಡುತ್ತೇನೆ. ಶಹಾಪುರದಲ್ಲಿ ಇಳಿಯುವುದಕ್ಕೆ ಮನೆಯಿಲ್ಲ, ಸುರಪುರದಲ್ಲಿ ಅವ್ವನ ಕಡೆಯವರು ಯಾರೂ ಉಳಿದಿಲ್ಲ. ಆದರೂ ಏರಿನ ತನಕ ಹೋಗಿ, ಬದಿಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಅತ್ತಿತ್ತ ನೋಡಿ ತಿರುಗುತ್ತೇನೆ. ಬೆಳಕಿರುವಾಗಲೇ ಯಾದಗಿರಿ ಮುಟ್ಟುತ್ತೇನೆ. ಮನೆ ಬಂದ ಮೇಲೂ ಕೂಡಲೇ ಇಳಿಯುವುದಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಕೇಳುವವರು ಒಳಗೆ ಯಾರೂ ಇಲ್ಲ.